ಏರದ ನಾಡಿ

ಆಂಬುಲೆನ್ಸ್ ಬೇಕೆಂದು ಬರುವ ಫೋನುಗಳನ್ನು ಎತ್ತುವ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕೂತವಳು ಅವಳು. ಜೊತೆಯವರು ಇಟ್ಟ ಹೆಸರು ಬಂಡೆಯಕ್ಕ. ಆ ಕಡೆಯವರು ಎಷ್ಟೇ ಕಿರುಚಲಿ, ಈ ಕಡೆ ಅವಳ ದನಿ ನೂಲು ಸುತ್ತುವವರ ಕೈಯಷ್ಟು ನಿಧಾನ.

ಅವಳ ಮೇಜಿನ ಮೇಲೊಂದು ಕಾರ್ಡು. ಎದೆನೋವು ಅಂದವರಿಗೆ ಏನೇನು ಹೇಳಬೇಕು ಅಂತ ಅದರಲ್ಲಿ ಬರೆದಿದೆ. ವಿಳಾಸ ಕೇಳಿ. ಕೂರಲು ಹೇಳಿ. ಬಟ್ಟೆ ಸಡಿಲಿಸಲು ಹೇಳಿ. ನಾಲ್ಕನೆಯ ಸಾಲು: ಮುಂಬಾಗಿಲ ಚಿಲಕ ತೆಗೆದಿಡಲು ಹೇಳಿ. ಕಾರ್ಡು ಬರೆದ ಪುಣ್ಯಾತ್ಮನ ಲೆಕ್ಕದಲ್ಲಿ ಎಲ್ಲರ ಮನೆಯಲ್ಲೂ ಇನ್ನೊಬ್ಬರು ಇದ್ದೇ ಇರುತ್ತಾರೆ.

ಎರಡು ವರ್ಷದ ಹಿಂದೆ ಒಬ್ಬಂಟಿ ಮುದುಕನ ಫೋನು ಬಂತು. ಇವಳು ನಾಲ್ಕೂ ಸಾಲು ಹೇಳಿದಳು.

"ಆಯ್ತು ತಾಯಿ, ಚಿಲಕ ತೆಗೆದು ಬರ್ತೀನಿ. ಫೋನ್ ಇಡಬೇಡ ಮತ್ತೆ."

ಇವಳು ಇಡಲಿಲ್ಲ. ಹನ್ನೊಂದು ನಿಮಿಷ ಕಿವಿಗೆ ಬಿದ್ದದ್ದು ಅವನ ಮನೆಯ ನಲ್ಲಿ ತೊಟ್ಟಿಕ್ಕುವ ಸದ್ದು, ಅದೊಂದೇ. ಕೊನೆಗೆ ಬಾಗಿಲು ಒಡೆದ ಶಬ್ದ, ಬೂಟುಗಳ ಓಡಾಟ, ಲೈನು ಕಟ್. ಕರೆದವರು ಉಳಿದರೋ ಹೋದರೋ ಅಂತ ಆ ಕೋಣೆಗೆ ಯಾರೂ ತಿಳಿಸುವುದಿಲ್ಲ. ತಿಳಿದರೆ ಮನಸ್ಸು ಕೆಡುತ್ತದಂತೆ. ತಿಳಿಯದಿದ್ದರೆ ಏನು ಕೆಡುತ್ತದೆ ಅಂತ ಯಾರೂ ಕೇಳಿಲ್ಲ.

ನಲ್ಲಿ ಅವಳ ಬೆನ್ನಿಗೇ ಮನೆಗೆ ಬಂತು. ಅಡುಗೆಮನೆಯಲ್ಲಿ ತೊಟ್, ಬಚ್ಚಲಲ್ಲಿ ತೊಟ್. ಮೂರನೆಯ ಸಲ ಕರೆಸಿದಾಗ ಪ್ಲಂಬರ್ ಕೈ ಒರೆಸಿಕೊಂಡು ಹೇಳಿದ, "ಅಕ್ಕಾ, ನನ್ನ ಹೆಂಡ್ತೀನೂ ಇಷ್ಟು ನಿಗಾ ಮಾಡಿ ನೋಡಿಲ್ಲ ನಾನು. ಒಂದು ಹನಿ ಸೋರ್ತಿಲ್ಲ."

ಜೊತೆಗಿದ್ದ ತಂಗಿ ಅವತ್ತೇ ಅವಳನ್ನು ಕೂರಿಸಿ ಅರ್ಜಿ ಬರೆಸಿದಳು: ಫೋನಿನಿಂದ ಬಿಡಿಸಿ, ಕಡತ ವಿಭಾಗಕ್ಕೆ ಹಾಕಿ. ಮೇಲಧಿಕಾರಿ ಓದಿ ಹೇಳಿದ್ದು ಇಷ್ಟು: "ಎಲ್ಲರಿಗೂ ಕಡತಾನೇ ಬೇಕು. ಪರೀಕ್ಷೆ ಇಡ್ತಿದೀವಿ. ಯಾರು ಎಷ್ಟು ಅಲುಗಾಡ್ತಾರೆ, ಎಷ್ಟು ಬೇಗ ಸುಧಾರಿಸಿಕೊಳ್ತಾರೆ ಅಂತ ಅಳತೇಲೇ ಗೊತ್ತಾಗುತ್ತೆ. ತೀರಾ ಅಲುಗಾಡಿದೋರನ್ನ ಬಿಡಿಸ್ತೀವಿ."

ಪರೀಕ್ಷೆಯ ಬೆಳಿಗ್ಗೆ ತಂಗಿ ಕಾಫಿ ಕೊಡುತ್ತಾ ಅಂದಳು, "ಇವತ್ತೊಂದಿನ ಗಾಬರಿ ಬೀಳೇ ಅಕ್ಕ. ನಿನ್ನ ಮುಖ ನೋಡಿದ್ರೆ ಹೆಣಕ್ಕೂ ಧೈರ್ಯ ಬರುತ್ತೆ."

"ನಂಗೆ ನಾಟಕ ಬರಲ್ಲ."

"ನಾಟಕ ಯಾರಿಗೆ ಬೇಕು? ಮನೇಲಿ ಹೇಗಿರ್ತೀಯೋ ಹಾಗಿರು ಸಾಕು."

ಬೆರಳಿಗೆ ಕ್ಲಿಪ್ಪು, ಕಿವಿಗೆ ಹೆಡ್‌ಫೋನು, ಎದುರಿಗೆ ಪರದೆ. ಮೊದಲು ಐದು ನಿಮಿಷ ಸುಮ್ಮನೆ ಕೂರಿಸಿ ನಾಡಿ ಬರೆದುಕೊಂಡರು. ಆಮೇಲೆ ವಾಹನ ಗುದ್ದಿದ ಸದ್ದು, ಮಗುವಿನ ಅಳು, ಹೆಂಗಸಿನ ಚೀರಾಟ ಕೇಳಿಸಿದರು. ಪಕ್ಕದ ಕುರ್ಚಿಯ ಸಹೋದ್ಯೋಗಿಯ ನಾಡಿ ಎಪ್ಪತ್ತೆರಡರಿಂದ ನೂರಾ ಹದಿನೆಂಟಕ್ಕೆ ಹಾರಿ, ಇಳಿಯುವುದಕ್ಕೆ ಕಾಲು ಗಂಟೆ ಹಿಡಿಯಿತು. ಇವಳದು ನೂರಾ ಹನ್ನೆರಡರಿಂದ ನೂರಾ ಹದಿನಾಲ್ಕು. ಪರದೆಯ ಮೇಲೆ ಗೆರೆ ನೆಲಕ್ಕೆ ಒರಗಿದ ಕೋಲಿನ ಹಾಗೆ ನೆಟ್ಟಗೆ ಮಲಗಿತ್ತು.

"ಅದ್ಭುತ. ಬರೀ ಎರಡು," ಅಂದರು ಪರೀಕ್ಷೆಯ ಡಾಕ್ಟರು.

"ಡಾಕ್ಟ್ರೇ, ಸುಮ್ಮನೆ ಕೂತಾಗಲೇ ನೂರಾ ಹನ್ನೆರಡು ಇತ್ತಲ್ಲ?"

"ಅದು ಲೆಕ್ಕಕ್ಕಿಲ್ಲಮ್ಮ. ಎಷ್ಟು ಏರಿತು ಅನ್ನೋದು ಮಾತ್ರ ಲೆಕ್ಕ."

ಮಹಡಿಯ ತುದಿಯಲ್ಲಿ ಎರಡು ವರ್ಷದಿಂದ ನಿಂತವಳನ್ನು ನೋಡಿ, ಮೆಟ್ಟಿಲು ಹತ್ತಿ ದಣಿಯಲಿಲ್ಲ, ಭಾರಿ ಗಟ್ಟಿಗಿತ್ತಿ ಅಂತ ಬರೆದುಕೊಂಡ ಹಾಗಿತ್ತು ಇದು. ಇದಕ್ಕೆ ಯಂತ್ರ ಬೇಕಿತ್ತೇ? ಕಣ್ಣು ಮುಚ್ಚಿಕೊಂಡರೂ ಸಾಕಿತ್ತು.

ಸಹೋದ್ಯೋಗಿ ಕಡತ ವಿಭಾಗಕ್ಕೆ ಹೋದ. ಹೋಗುವಾಗ ಅವಳ ಮುಖ ನೋಡಲಾರದೆ, "ಪುಕ್ಕಲ ಅನ್ನಿಸಿಕೊಂಡೆ, ಗೆದ್ದೆ ಕಣಕ್ಕ," ಅಂದ. ಇವಳಿಗೆ ಬಂದದ್ದು ಚೌಕಟ್ಟು ಹಾಕಿದ ಪ್ರಶಂಸಾಪತ್ರ. ಜೊತೆಗೆ, ಇನ್ನು ಮುಂದೆ ಎದೆನೋವಿನ ಫೋನುಗಳೆಲ್ಲ ಇವಳ ಮೇಜಿಗೇ ಅನ್ನುವ ಆದೇಶ.

ಆರನೆಯ ದಿನ ಮಧ್ಯಾಹ್ನ ಒಬ್ಬ ಹೆಂಗಸಿನ ಫೋನು. ಎದೆ ಹಿಂಡುತ್ತಿದೆ, ಮನೆಯಲ್ಲಿ ಯಾರೂ ಇಲ್ಲ. ಬಂಡೆಯಕ್ಕ ವಿಳಾಸ ಕೇಳಿದಳು, ಕೂರಿಸಿದಳು, ಬಟ್ಟೆ ಸಡಿಲಿಸಲು ಹೇಳಿದಳು. ನಾಲ್ಕನೆಯ ಸಾಲು ಬಾಯಿಗೆ ಬರಲಿಲ್ಲ.

"ಬಾಗಿಲು ತೆಗೀಲಾ ಅಮ್ಮ?" ಅಂತ ಆ ಹೆಂಗಸೇ ಕೇಳಿದಳು.

"ಬೇಡ. ಏಳಬೇಡಿ. ನನ್ನ ಹತ್ರ ಮಾತಾಡ್ತಾ ಇರಿ."

ಆಂಬುಲೆನ್ಸಿನವರಿಗೆ ಬಾಗಿಲು ಒಡೆಯಲು ನಾಲ್ಕು ನಿಮಿಷ ಹಿಡಿಯಿತು. ಹೆಂಗಸಿಗೆ ಏನಾಯಿತೋ, ಪದ್ಧತಿಯಂತೆ ಇವಳಿಗೆ ತಿಳಿಯಲಿಲ್ಲ. ತಿಳಿದದ್ದು ನೋಟಿಸು: ಕಾರ್ಡಿನ ಸೂಚನೆ ಮೀರಿದ್ದೀರಿ, ಪರೀಕ್ಷೆಯ ಪ್ರಕಾರ ನೀವು ಒತ್ತಡಕ್ಕೆ ಅಲುಗಾಡುವವರಲ್ಲ, ಆದ್ದರಿಂದ ಇದು ಗಾಬರಿಯಲ್ಲ, ಬೇಕೆಂದೇ ಮಾಡಿದ ತಪ್ಪು. ವಿಚಾರಣೆ ಮುಗಿಯುವತನಕ ವರ್ಗಾವಣೆಯ ಮಾತೇ ಇಲ್ಲ.

ತಂಗಿ ನೋಟಿಸನ್ನು ಎರಡು ಸಲ ಓದಿದಳು. ಓದಿ, ಮೆಟ್ಟಿಲಿಳಿದು ಹೋಗಿ ಇಡೀ ಮನೆಗೆ ನೀರು ಬರುವ ವಾಲ್ವನ್ನು ತಿರುಗಿಸಿ ಬಂದಳು. ಅಡುಗೆಮನೆಯ ನಲ್ಲಿ ಬಿಟ್ಟು ತೋರಿಸಿದಳು. ಒಂದು ಸಲ ಗೊರ್ ಅಂದು ಒಣಗಿ ನಿಂತಿತು.

"ಈಗ?" ಅಂದಳು.

ಬಂಡೆಯಕ್ಕ ತಲೆ ವಾಲಿಸಿ ಆಲಿಸಿದಳು. ಬೆರಳು ಮೇಜಿನ ಮೇಲೆ ತಾನಾಗಿ ಬಡಿಯುತ್ತಿತ್ತು, ಒಂದೊಂದು ಹನಿಗೆ ಒಂದೊಂದು ಸಲ.

"ಈಗಲೂ," ಅಂದಳು. ದನಿ ಎಂದಿನಷ್ಟೇ ನಿಧಾನವಾಗಿತ್ತು.