ಗುಲಗಂಜಿ ತುಂಬಿದ ಚೆಂಡು

ಕಚೇರಿಗೆ ಗುಮಾಸ್ತನಾಗಿ ಸೇರಿದ ಮೊದಲ ತಿಂಗಳು ನಾನು ಒಮ್ಮೆಯೂ ತೂಕಡಿಸಲಿಲ್ಲ. ಎದುರಿನ ಜಗಲಿಯಲ್ಲಿ ಕೂತು ಚಾವಣಿಯ ಪಂಕ ಎಳೆಯುತ್ತಿದ್ದ ಹುಡುಗ ನನ್ನನ್ನೇ ದಿಟ್ಟಿಸುತ್ತಿದ್ದ. ಅಮಲ್ದಾರರೇ ಕಾವಲಿಗೆ ಇಟ್ಟಿದ್ದಾರೆಂದು ನಂಬಿ, ನಶ್ಯವನ್ನೂ ಮೇಜಿನ ಕೆಳಗೆ ಬಗ್ಗಿಯೇ ಏರಿಸುತ್ತಿದ್ದೆ. ಕೊನೆಗೆ ಅವನನ್ನು ಒಲಿಸಿಕೊಳ್ಳಲು ಒಂದು ರಸಬಾಳೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ಲಂಚ ಸಾಲದೇನೋ ಎಂದುಕೊಂಡೆ. ಪಕ್ಕದ ಮೇಜಿನ ರಂಗನಾಯಕ ಬಿದ್ದು ಬಿದ್ದು ನಕ್ಕ: "ಅವನಿಗೆ ಕಣ್ಣು ಕಾಣಲ್ಲ ಕಣಯ್ಯಾ! ಕೈಗೆ ಇಡು."

ಅವನು ಕಲ್ಲಯ್ಯ, ಕಳಲೆಯವನು, ವಯಸ್ಸು ಹದಿನೇಳು. ಸಿಡುಬಿನಲ್ಲಿ ಕಣ್ಣು ಹೋಗಿತ್ತು. ಪಂಕದ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು ಸಂಜೆಯವರೆಗೂ ಎಳೆಯುತ್ತಿದ್ದ. ಪಂಕ ನಿಂತರೂ ಆ ಕಾಲು ನಿಲ್ಲುತ್ತಿರಲಿಲ್ಲ. ಸಂಜೆ ಕಪಿಲಾ ದಂಡೆಯ ಬಯಲಲ್ಲಿ ನಾವು ಫುಟ್‌ಬಾಲ್ ಒದೆಯುವಾಗ, ಗೆರೆಯಾಚೆ ನಿಂತ ಅವನ ಕಾಲು ಚೆಂಡಿನ ಸದ್ದು ಬಂದ ಕಡೆಗೆಲ್ಲ ಮಿಡಿಯುತ್ತಿತ್ತು. ನಾವು ಎಂದೆನಲ್ಲ, ನಾನೂ ಗೆರೆಯಾಚೆಯವನೇ. ಒಮ್ಮೆ ಒದ್ದಾಗ ಚೆಂಡು ಅಲ್ಲೇ ಉಳಿದು ಪಂಚೆ ಹರಿದಿತ್ತು.

"ನಂಗೂ ಒಂದ್ಸಲ ಬುಡಿ ಸಾಮಿ" ಎಂದು ಕಲ್ಲಯ್ಯ ದಿನವೂ ರಂಗನಾಯಕನ ಬೆನ್ನು ಹತ್ತುತ್ತಿದ್ದ. ನಮ್ಮ ತಂಡದ ಯಜಮಾನ ಅವನೇ.

"ಚೆಂಡು ಎಲ್ಲಿದೆ ಅಂತ ನಿನಗೆ ಹೇಗೋ ಗೊತ್ತಾಗುತ್ತೆ?"

"ಒಳೀಕೆ ಒಂದಿಡಿ ಗುಲಗಂಜಿ ಆಕಿ. ಅದೇ ಯೋಳ್ತದೆ."

ರಂಗನಾಯಕ ನಕ್ಕು ಕಳಿಸುತ್ತಿದ್ದ. ಆದರೆ ತಿರುಮಕೂಡಲು ನರಸೀಪುರದವರು ಗಾಡಿ ಕಟ್ಟಿಕೊಂಡು ಪಂದ್ಯಕ್ಕೆ ಬಂದ ದಿನವೇ ನಮ್ಮವನೊಬ್ಬ ಚಳಿಜ್ವರ ಬಂದು ಮಲಗಿದ. ಬೇರೆ ಆಳಿರಲಿಲ್ಲ. ಚೆಂಡಿನ ರಬ್ಬರ್ ಚೀಲಕ್ಕೆ ಗುಲಗಂಜಿ ಸುರಿದು ಗಾಳಿ ತುಂಬಿದೆವು. "ಕುರುಡನ್ನ ಗೆಲ್ಲಾಕೆ ಇಷ್ಟು ದೂರ ಬಂದ್ವಾ?" ಎಂದು ನಗುತ್ತಲೇ ಅವರು ಒಪ್ಪಿದರು.

"ಇದೊಂದೇ ಆಟ ಕಣ್ಲಾ" ಎಂದ ರಂಗನಾಯಕ. "ಸೋತರೆ ಮತ್ತೆ ನನ್ನ ಕೇಳಬೇಡ."

ಗೋಲಿನ ದಿಕ್ಕು ತಿಳಿಯಲು ಅದರ ಹಿಂದೆ ಒಬ್ಬ ತಗಡು ಬಡಿಯಬೇಕಿತ್ತು. ಕಾಲಿನ ಸಂಬಂಧವಿಲ್ಲದ ಆ ಕೆಲಸ ನನ್ನ ಪಾಲಿಗೆ ಬಂತು.

ಕುರುಡ ಏನು ಮಾಡುತ್ತಾನೋ ನೋಡೋಣವೆಂದು ಜನ ಮೊದಲು ಉಸಿರು ಬಿಗಿಹಿಡಿದು ನಿಂತಿದ್ದರು. ಗುಲಗಂಜಿ ಗಲಗಲ ಎಂದಿತು. ಕಲ್ಲಯ್ಯ ಕತ್ತು ವಾಲಿಸಿ ಕೇಳಿ, ಓಡಿ, ಚೆಂಡನ್ನು ಕಾಲಲ್ಲಿ ತಡೆದ. ನಾನು ತಗಡು ಬಡಿದೆ. ಪಂಕ ಎಳೆದ ಕಾಲು ಅದು. ಚೆಂಡು ಕಂಬಗಳ ನಡುವೆ ನುಗ್ಗಿ ನನ್ನ ಕಿವಿ ಸವರಿಕೊಂಡು ಹೋಯಿತು. ಗೋಲು!

ಬಯಲಿಗೆ ಬಯಲೇ ಕೂಗಿತು. ನಾನಂತೂ ತಗಡು ಎಸೆದು "ಹೊಡಿಯೋ ಕಲ್ಲಯ್ಯಾ!" ಎಂದು ಶುರುಮಾಡಿದವನು ಆಟ ಮುಗಿಯುವವರೆಗೂ ನಿಲ್ಲಿಸಲಿಲ್ಲ. ಸುಮ್ಮನಿರಿ ಎಂದು ಅವನು ಎರಡೂ ಕೈಯೆತ್ತಿ ಬೇಡಿದ. ಹುರುಪಿಗೆ ಎತ್ತಿದನೆಂದು ನಾನು ಇನ್ನೂ ಜೋರಾಗಿ ಕಿರುಚಿದೆ. ಎರಡು ಸಲ ಚೆಂಡು ಅವನ ಕಾಲ ಪಕ್ಕದಲ್ಲೇ ಉರುಳಿ ಹೋಯಿತು. ಅವನು ಬೇರೆ ಕಡೆಗೆ ಓಡಿದ. ಅವರು ಎರಡು ಗೋಲು ಹೊಡೆದರು. ಸೋತೆವು.

ಮರುದಿನ ಪಂಕ ಎಂದಿಗಿಂತ ಜೋರಾಗಿ ಆಡುತ್ತಿತ್ತು. ನನ್ನ ಕಾಗದಗಳೆಲ್ಲ ಹಾರಾಡುತ್ತಿದ್ದವು. ರಂಗನಾಯಕ ಜಗಲಿಯತ್ತ ತಿರುಗಿಯೂ ನೋಡಲಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ, ಕೇಳಬಾರದ್ದನ್ನೇ ಕೇಳಿದೆ: "ನಿಜ ಹೇಳೋ ಕಲ್ಲಯ್ಯ, ಕಣ್ಣಿಲ್ಲದೋನು ಆಡಬಾರದಿತ್ತು ಅಂತ ಈಗ ಅನ್ನಿಸ್ತಾ?"

ಹಗ್ಗ ನಿಂತಿತು.

"ಆಡೋದು ನಾನ್ ಆಡ್ತೀನಿ ಸಾಮಿ. ನೀವು ಬಾಯ್ ಮುಚ್ಕಂಡಿರಿ."