ಬಾಗಿಲು ಬಂದಾಗ ನಿಲ್ಲುತ್ತಿದ್ದ ಮಗ್ಗ

ಇಸ್ತ್ರಿ ಅಂಗಡಿಯ ಮುಂದೆ ಹಾಯುವಾಗ ಗಂಜಿಯ ವಾಸನೆ ಬಂದರೆ ಸಾಕು, ನೂಲಿಗೆಲ್ಲ ಗಂಜಿ ಹಚ್ಚಿ ಹರವುತ್ತಿದ್ದ ಭಾಗ್ಯನಗರದ ನಮ್ಮ ಮನೆ ಕಣ್ಣ ಮುಂದೆ ನಿಲ್ಲುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಪಡಸಾಲೆಯ ಅರ್ಧವನ್ನು ಕೈಮಗ್ಗವೇ ನುಂಗಿತ್ತು. ಉಳಿದರ್ಧದಲ್ಲಿ ನಮ್ಮ ಊಟ, ನಿದ್ದೆ, ಜಗಳ. ಅವ್ವ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವಾಗ ನಾನು ಪಕ್ಕದಲ್ಲಿ ಕೂತು ಕಾದಂಬರಿ ಓದಬೇಕು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಓದುವವರ ಮೇಲೆ ದರ್ಬಾರು ಮಾಡಲು ಮಾತ್ರ ಚೆನ್ನಾಗಿ ಬರುತ್ತಿತ್ತು.

ಒಂದು ವರ್ಷ ಶಾಲೆಯ ಮಾಸ್ತರರಿಂದ ತಂದದ್ದು ಹಳೆಯ, ಹೆಸರುವಾಸಿ ಕಾದಂಬರಿ. ಮನೆ ಬಿಟ್ಟುಹೋದ ಮಗನ ಕಥೆ. ಪುಟಪುಟಕ್ಕೂ 'ಬಾಗಿಲು'. ಬಾಗಿಲಲ್ಲಿ ನಿಂತಳು, ಬಾಗಿಲು ಸರಿಸಿದಳು, ಬಾಗಿಲಾಚೆ ಯಾರೋ ಕೆಮ್ಮಿದರು. ಆ ಮಾತು ಬಂದಾಗಲೆಲ್ಲ ಅವ್ವನ ಕಾಲು ನಿಲ್ಲುತ್ತಿತ್ತು, ಲಾಳಿ ಕೈಯಲ್ಲೇ ಉಳಿಯುತ್ತಿತ್ತು. ಯಾಕೆಂದು ನನಗೆ ಗೊತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಅಣ್ಣ ಮಗ್ಗಕ್ಕೆ ಕೂರುವುದಿಲ್ಲವೆಂದು ಹಟ ಹಿಡಿದಾಗ, "ಹಂಗಾದ್ರ ಈ ಬಾಗಲಾ ಮತ್ತ ತುಳೀಬ್ಯಾಡ" ಎಂದವಳು ಅವಳೇ. ಅವನು ತುಳಿಯಲೇ ಇಲ್ಲ. ನಿಂತ ಮಗ್ಗ ಮತ್ತೆ ಶುರುವಾದರೆ ನೂಲು ಬಡಿಯುವ ಏಟು ಹೆಚ್ಚುಕಡಿಮೆಯಾಗಿ ಸೀರೆಗೆ ಅಡ್ಡಗೆರೆ ಬೀಳುತ್ತದೆ. ಆ ಸೀರೆಯ ಮೈತುಂಬ ಗೆರೆ. ಸೀರೆ ಕೊಳ್ಳುವ ಸಾಹುಕಾರರು ಬೆಳಕಿಗೆ ಹಿಡಿದು, "ಮನಸ್ಸ ಎಲ್ಲಿಟ್ಟು ನೇಯ್ದೀರಿ?" ಎಂದು ಹಿಂದಕ್ಕೆ ಕೊಟ್ಟರು. ಅಂದಿನಿಂದ ಆ ಮಾತನ್ನು ಬಿಟ್ಟು ಓದತೊಡಗಿದೆ. ಎರಡೇ ಸಾಲಿಗೆ ಸಿಕ್ಕಿಬಿದ್ದೆ. "ಏನ ತೆರದ್ಳು, ಹುಡುಗೀ? ಅಲ್ಲಿ ಬಾಗಲಾ ಐತಿ. ಓದು."

ಕೊನೆಯ ಪುಟದ ದಿನ ಅವ್ವ ಮಗ್ಗ ಬಿಟ್ಟು ಎದುರಿಗೆ ಬಂದು ಕೂತಳು. ಪುಸ್ತಕದ ತಾಯಿ ಮುಚ್ಚಿದ ಬಾಗಿಲಿಗೆ ಒರಗಿ ಸತ್ತಿದ್ದಳು, ಮಗ ಬಂದಿರಲಿಲ್ಲ. ಅವ್ವನ ಮುಖ ನೋಡಿ, 'ಬಾಗಿಲು ತೆರೆಯಿತು, ಮಗ ಒಳಗೆ ಬಂದ' ಎಂದು ಓದಿಬಿಟ್ಟೆ. ಮರುದಿನವೇ ಅವಳು ಬಡಿಗನನ್ನು ಕರೆಸಿ ನಮ್ಮ ಬಾಗಿಲಿನ ಚಿಲಕ ಕೀಳಿಸಿದಳು. ಮುಂದೆ ಗಾಳಿಗೆ ಬಾಗಿಲು ಸರಿದರೂ ತಲೆಯೆತ್ತುತ್ತಿದ್ದಳು. ನಿಜ ಹೇಳಲು ನನಗೆ ಮೂವತ್ತು ವರ್ಷವಾದರೂ ಧೈರ್ಯ ಬರಲಿಲ್ಲ.

ಹೋದ ವರ್ಷ ಹಾಸಿಗೆ ಹಿಡಿದಾಗ ಅವ್ವ ಕೇಳಿದಳು: "ಆ ಪುಸ್ತಕದಾಗ ಮಗ ಖರೇನ ಬಂದಿದ್ನೇನ?"

"ಹೂಂನವ್ವಾ, ಬಂದಿದ್ದ."

ಅವಳು ನಕ್ಕಳು. "ನಿನಗ ಸುಳ್ಳ ಓದಾಕ ಬರಂಗಿಲ್ಲ. ಅವತ್ತ ಗೊತ್ತಾಗಿತ್ತು. ಆದ್ರೂ ಚಿಲಕ ತಗಸಿದ್ನಿ" ಎಂದು ಗೋಡೆಯತ್ತ ಹೊರಳಿದಳು.

ಅವಳು ಹೋದ ಮೇಲೆ ಮನೆ ಬೇರೆಯವರದಾಯಿತು. ಅವರು ಮೊದಲು ಮಾಡಿದ್ದು ಚಿಲಕ ಹಾಕಿಸಿದ್ದು. ಅಣ್ಣ ಇನ್ನು ಬಂದರೆ ಬಾಗಿಲು ತಟ್ಟಬೇಕು, ಯಾರೋ ತೆರೆದು, "ಯಾರ್ರಿ ನೀವು?" ಎನ್ನುತ್ತಾರೆ.