ಹಸಿರು ದೀಪ ಮತ್ತು ಶಾರದಕ್ಕನ ಪದಾರ್ಥ

ಮೊನ್ನೆ ಲ್ಯಾಬಿನ ಡ್ರಾಯರಿನಲ್ಲಿ ಸ್ಕ್ರೂಡ್ರೈವರ್ ಹುಡುಕುತ್ತಿದ್ದಾಗ ಕೈಗೆ ಒಂದು ಡಮ್ಮಿ ಸಿಕ್ಕಿತು. ಹೆಬ್ಬೆರಳಿನ ಗಾತ್ರದ ಲೋಹದ ತುಂಡು. ವಯರ್‌ಲೆಸ್ ಸೆಟ್ಟನ್ನು ಮೇಜಿನ ಮೇಲೆ ಪರೀಕ್ಷಿಸುವಾಗ ಆಂಟೆನಾದ ಬದಲಿಗೆ ಇದನ್ನು ಸಿಕ್ಕಿಸುತ್ತಾರೆ. ನಾನು ಕಾರ್ಕಳದ ಕಡೆಯ ಒಂದು ಕಾಲೇಜಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಇಂಥವು ಇಲ್ಲಿ ರಾಶಿ ಬಿದ್ದಿವೆ. ಆದರೆ ಇದೊಂದು ಮಾತ್ರ ನನ್ನ ಸ್ವಂತದ್ದು. ಇದನ್ನು ಕಂಡರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕುಳಿತುಕೊಳ್ಳಿ.

ಈ ಕೆಲಸಕ್ಕೆ ಸೇರುವ ಮೊದಲು ನಾನು ಕಾಪುವಿನಲ್ಲಿ ಸಂಜೀವಣ್ಣನ ಅಂಗಡಿಯಲ್ಲಿದ್ದೆ. ಮೀನುಗಾರಿಕೆ ಬೋಟುಗಳ ವಯರ್‌ಲೆಸ್ ಸೆಟ್ಟು ರಿಪೇರಿ ಮಾಡುವ ಅಂಗಡಿ. ನನ್ನಲ್ಲಿ ಡಿಪ್ಲೊಮಾ ಇತ್ತು, ಹೊಸ ಮೀಸೆ ಇತ್ತು, ಅಹಂಕಾರವಂತೂ ಧಾರಾಳವಾಗಿತ್ತು. ಸಂಜೀವಣ್ಣನಲ್ಲಿದ್ದದ್ದು ಒಂದು ಸೋಲ್ಡರಿಂಗ್ ಐರನ್, ದಾರ ಕಟ್ಟಿದ ಕನ್ನಡಕ ಮತ್ತು ಹೆಂಡತಿ ಶಾರದಕ್ಕ. ಅವರ ಮನೆ ದೀಪಸ್ತಂಭದ ಕಡೆ. ಅಡುಗೆಮನೆಯ ಕಿಟಕಿಯ ಬಳಿ ಒಂದು ಹಳೆಯ ಸೆಟ್ಟು ಇತ್ತು. ಯಾವ ಸೆಟ್ಟು ರಿಪೇರಿಯಾದರೂ ಸಂಜೀವಣ್ಣ ಕೊನೆಗೆ ಮೈಕ್ ಹಿಡಿದು ಕೇಳುತ್ತಿದ್ದರು, "ಶಾರದಾ, ಪದಾರ್ಥ ಎಂತ?"

ಕೇಳುತ್ತಿದ್ದದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಅನ್ನಕ್ಕೆ ಕಲಸಿಕೊಳ್ಳುವುದೆಲ್ಲ ನಮ್ಮ ಕಡೆ ಪದಾರ್ಥವೇ. ಕರಕರ ಸದ್ದಿನ ನಡುವೆ ಆ ಕಡೆಯಿಂದ ಉತ್ತರ ಬರುತ್ತಿತ್ತು, "ಬಸಳೆ." ಅಷ್ಟಾದ ಮೇಲೆಯೇ ಸೆಟ್ಟು ಬೋಟಿನವರ ಕೈಗೆ. ಕಾಯುತ್ತಿದ್ದ, ಬೋಟು ನಡೆಸುವ ತಾಂಡೇಲರು, "ನಿನ್ನೆಯೂ ಬಸಳೆಯೇ ಅಲ್ವಾ ಸಂಜೀವಣ್ಣ?" ಎಂದು ಮರುಗುತ್ತಿದ್ದರು.

ಅಷ್ಟರಲ್ಲಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಹೊಸ ಸೆಟ್ಟುಗಳು ಬಂದವು. ಸೆಟ್ಟಿನಿಂದ ಹೊರಟ ಶಕ್ತಿ ಸಲೀಸಾಗಿ ಆಂಟೆನಾಕ್ಕೆ ದಾಟಬೇಕು. ಇಬ್ಬರಿಗೂ ಹೊಂದಾಣಿಕೆ ಇಲ್ಲದಿದ್ದರೆ, ಬೀಗ ಹಾಕಿದ ಮನೆಗೆ ಹೋದ ನೆಂಟರ ಹಾಗೆ ಅದು ಹಿಂದಿರುಗಿ ಬರುತ್ತದೆ. ಎಷ್ಟು ಹಿಂದೆ ಬಂತೆಂದು ಹೊಸ ಸೆಟ್ಟು ತಾನೇ ಅಳೆದು, ಹೊಂದಾಣಿಕೆಯ ಸರ್ಕ್ಯೂಟನ್ನು ತಾನೇ ತಿದ್ದಿಕೊಂಡು, ಎಲ್ಲ ಸರಿಯಾದರೆ ಹಸಿರು ದೀಪ ಹಚ್ಚುತ್ತದೆ. ನಾನು ಮರುಳಾಗಿ ಹೋದೆ.

"ಇನ್ನು ಶಾರದಕ್ಕನನ್ನು ಒಲೆಯ ಹತ್ತಿರದಿಂದ ಎಬ್ಬಿಸುವುದು ಯಾಕೆ ಸಂಜೀವಣ್ಣ?" ಎಂದೆ.

"ತನ್ನ ಪೇಪರಿಗೆ ತಾನೇ ಮಾರ್ಕ್ಸ್ ಹಾಕಿಕೊಂಡಿತು ಅಷ್ಟೇ ಮಾರಾಯ. ಬೇರೆಯವರಿಗೆ ಕೇಳಿತಾ, ಅದನ್ನು ಹೇಳು," ಎಂದರು. ಮುದುಕರ ಹಟ ಎಂದುಕೊಂಡು ನಕ್ಕುಬಿಟ್ಟೆ.

ಒಂದು ದಿನ ಸಂಜೀವಣ್ಣನಿಗೆ ಜ್ವರ. ಬೋಟಿಗೆ ಹೊಸ ಸೆಟ್ಟು ಕೂರಿಸಲು ನಾನೊಬ್ಬನೇ ಹೋದೆ. ಅದು ಶಾರದಕ್ಕನ ತಮ್ಮ ದಿನೇಶ ದುಡಿಯುತ್ತಿದ್ದ ಬೋಟು. ಆಂಟೆನಾದ ಕಂಬ ಇನ್ನೂ ಏರಿರಲಿಲ್ಲವಾದ್ದರಿಂದ ಡಮ್ಮಿ ಸಿಕ್ಕಿಸಿಯೇ ಸೆಟ್ಟನ್ನು ಪೆಟ್ಟಿಗೆಯೊಳಗೆ ಕೂರಿಸಿದೆ. ಕಂಬ ಏರಿತು, ಕೇಬಲನ್ನು ಪೆಟ್ಟಿಗೆಯ ಹಿಂದಿನವರೆಗೆ ಎಳೆದೂ ತಂದೆ. ಅಷ್ಟರಲ್ಲಿ ಚಹಾ ಬಂತು. ಚಹಾ ಕುಡಿದು, ಹಾಳುಹರಟೆ ಹೊಡೆದು ಬಂದವನು, ಡಮ್ಮಿ ತೆಗೆದು ಕೇಬಲ್ ಸಿಕ್ಕಿಸುವುದನ್ನೇ ಮರೆತು, ನೇರ ಬಟನ್ ಒತ್ತಿದೆ. ಹಸಿರು ದೀಪ! ಮೈಕ್ ಮುಟ್ಟಲೇ ಇಲ್ಲ.

ಡಮ್ಮಿಯ ಗುಣವೇ ಅದು. ಸೆಟ್ಟು ಕೊಟ್ಟದ್ದನ್ನೆಲ್ಲ ನುಂಗಿ ಸುಮ್ಮನೆ ಬೆಚ್ಚಗಾಗುತ್ತದೆ, ಒಂದಿಷ್ಟನ್ನೂ ಹಿಂದೆ ಕಳಿಸುವುದಿಲ್ಲ. ಸೆಟ್ಟಿಗೆ ಪರಮ ಸಂತೋಷ. ಮಾತು ಮಾತ್ರ ಪೆಟ್ಟಿಗೆ ಬಿಟ್ಟು ಹೊರಗೆ ಹೋಗುವುದಿಲ್ಲ, ಹೊರಗಿನದ್ದು ಒಳಗೆ ಬರುವುದೂ ಇಲ್ಲ.

ಮರುದಿನ ನಡುಸಮುದ್ರದಲ್ಲಿ ಅವರ ಇಂಜಿನ್ ನಿಂತಿತು. ದಿನೇಶ ಕೂಗಿದ, ಯಾರಿಗೂ ಕೇಳಲಿಲ್ಲ. ಇತ್ತ ಬೋಟು ಬರುವ ಹೊತ್ತು ಮೀರಿತೆಂದು ಶಾರದಕ್ಕ ಮಧ್ಯಾಹ್ನದಿಂದ ಮೈಕ್ ಹಿಡಿದು, "ದಿನೇಶಾ, ಕೇಳ್ತದಾ? ದಿನೇಶಾ..." ಎಂದು ಕರೆಯುತ್ತಲೇ ಇದ್ದರು. ಆ ಧ್ವನಿ ಕೇಳುತ್ತಾ ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆನಲ್ಲ, ಶತ್ರುವಿಗೂ ಬೇಡ ಆ ಹೊತ್ತು. ದೇವರು ದೊಡ್ಡವನು, ಸಂಜೆಯೊಳಗೆ ಇನ್ನೊಂದು ಬೋಟಿನವರು ಕಂಡು, ದಿನೇಶನ ಬೋಟನ್ನು ಎಳೆದು ತಂದರು.

ಸಂಜೀವಣ್ಣ ಜ್ವರದಲ್ಲೇ ಬಂದು ಪೆಟ್ಟಿಗೆ ಬಿಚ್ಚಿ, ಡಮ್ಮಿಯನ್ನು ತಿರುಗಿಸಿ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಇಟ್ಟುಕೋ," ಎಂದರು, ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಶಾರದಕ್ಕ ತಮ್ಮನಿಗೆ ಬಡಿಸಿದರು, ನನಗೂ ಬಡಿಸಿದರು. "ಒಂದು ಸಲ ನನ್ನನ್ನು ಕೇಳಬಹುದಿತ್ತಲ್ಲ ಮಾರಾಯ. ನಾನು ಇಲ್ಲೇ ಇದ್ದೆ," ಎಂದರು. ಅನ್ನದ ಮುಂದೆ ಕುಳಿತು ಅತ್ತುಬಿಟ್ಟೆ, ಮೀಸೆ ಸಮೇತ.

ಸಂಜೀವಣ್ಣ ಹೋಗಿ ಎರಡು ವರ್ಷವಾಯಿತು. ಅಂಗಡಿ ಮುಚ್ಚಿದೆ. ನಾನು ಪ್ರತಿ ಭಾನುವಾರ ತಪ್ಪದೆ ಶಾರದಕ್ಕನಿಗೆ ಮೊಬೈಲಿನಲ್ಲಿ 'ಆರಾಮಾ?' ಎಂದು ಮೆಸೇಜ್ ಕಳಿಸುತ್ತೇನೆ. ಆ ಕಡೆಯಿಂದ ಹೆಬ್ಬೆರಳಿನ ಚಿತ್ರ ಬರುತ್ತದೆ. ಒಳ್ಳೆಯದಾಯಿತು ಎಂದುಕೊಂಡು ನಾನು ಮಲಗುತ್ತೇನೆ.

ಮೊನ್ನೆ ಡಮ್ಮಿ ಕೈಯಲ್ಲಿ ಹಿಡಿದು ನಿಂತಿದ್ದಾಗ ಒಬ್ಬಳು ವಿದ್ಯಾರ್ಥಿನಿ ತಾನು ಮಾಡಿದ ಸರ್ಕ್ಯೂಟ್ ತಂದಳು. "ಸರ್, ಸೆಲ್ಫ್ ಟೆಸ್ಟ್ ಪಾಸ್ ಆಯ್ತು!" ಹಸಿರು ದೀಪ ಉರಿಯುತ್ತಿತ್ತು.

"ಬೇರೆಯವರಿಗೆ ಕೇಳಿತಾ?" ಎಂದೆ. ಕೇಳಿದವನು ನಾನೇ, ಆದರೆ ಧ್ವನಿ ಸಂಜೀವಣ್ಣನದ್ದು. ಅವಳು ಕಕ್ಕಾಬಿಕ್ಕಿಯಾದಳು. ನಾನು ವರಾಂಡಕ್ಕೆ ಹೋಗಿ ಫೋನ್ ಮಾಡಿದೆ.

"ಶಾರದಕ್ಕ, ಪದಾರ್ಥ ಎಂತ?"

ಕರಕರ ಸದ್ದು ಕೇಳಿ ಲೈನ್ ಕೆಟ್ಟಿತೆಂದುಕೊಂಡೆ. ಇಲ್ಲ, ಅವರು ಮೂಗು ಒರೆಸಿಕೊಳ್ಳುತ್ತಿದ್ದರು. "ಎಂತ ಇಲ್ಲ ಮಾರಾಯ. ಗಂಜಿ ಉಂಟು, ಉಪ್ಪಿನಕಾಯಿ ಉಂಟು. ಒಬ್ಬಳಿಗೆ ಎಂತ ಮಾಡುವುದು?"

"ಮತ್ತೆ ವಾರವಾರ ಹೆಬ್ಬೆರಳು ಕಳಿಸುತ್ತೀರಲ್ಲ?"

"ನೀನು ಕೇಳುವುದೇ ಹಾಗೆ. ಅದಕ್ಕೆ ಅಷ್ಟೇ ಉತ್ತರ ಅಲ್ವಾ?"

ಕಿವಿ ಮತ್ತೆ ಬಿಸಿಯಾಯಿತು. "ಮಸಾಲೆ ಅರೆದಿಡಿ, ಬಂಗುಡೆ ತರುತ್ತೇನೆ," ಎಂದವನೇ ಅರ್ಧ ದಿನ ರಜೆ ಹಾಕಿದೆ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾಪುವಿನಲ್ಲಿ ಇಳಿದೆ, ಬಂಗುಡೆ ಮೀನು ಕಟ್ಟಿಸಿಕೊಂಡೆ. ಮನೆಯ ಅಂಗಳಕ್ಕೆ ಕಾಲಿಟ್ಟಾಗ ಹುಳಿ ಹಾಕಿ ಅರೆಯಲು ಹುರಿದ ಮೆಣಸಿನ ಘಾಟಿಗೆ ಕೆಮ್ಮು ಬಂತು. ಕೆಮ್ಮು ಕೇಳಿಯೇ ಗುರುತು ಹಿಡಿದಿರಬೇಕು. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಕಿಟಕಿಯಿಂದ ಉತ್ತರ ಬಂತು.

"ಬಂಗುಡೆ ಪುಳಿಮುಂಚಿ!"